ಸೊಂಟದ ಪಿಸ್ತೂಲೂ ಬೀದಿಯ ನಿರ್ಭಯವೂ

ಅಮೇರಿಕೆಯ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಟೆಕ್ಸಾಸ್ ಪ್ರಾಂತದಲ್ಲಿ ೨೦೨೧ನೆಯ ಇಸವಿಯ ಸೆಪ್ಟೆಂಬರ್ ೧ರಂದು ಒಂದು ಕಾಯದೆಯು ಜಾರಿಗೆ ಬಂದಿತು. ೨೧ ವರ್ಷ ತುಂಬಿದ, ಆಯುಧ ಹೊಂದಲು ಕಾನೂನಿನ ಅಡ್ಡಿಯಿಲ್ಲದ ಯಾವನೇ ಮನುಷ್ಯನು, ಸರಕಾರದ ಪರವಾನಗಿಯನ್ನು ಪಡೆಯದೆ, ಗುರಿಯ ಪರೀಕ್ಷೆಯನ್ನು ಕೊಡದೆ, ಪಿಸ್ತೂಲನ್ನು ಒರೆಯಲ್ಲಿಟ್ಟು ಸೊಂಟಕ್ಕೆ ಕಟ್ಟಿಕೊಂಡು ಎಲ್ಲರ ಕಣ್ಣಿಗೂ ಬೀಳುವಂತೆ ಬೀದಿಯಲ್ಲಿ ಸಂಚರಿಸಬಹುದೆಂದು ಅದು ಸಾರಿತು. ಇದೊಂದೇ ಪ್ರಾಂತದ ವಿಚಿತ್ರವೆಂದು ವಾಚಕರು ಭಾವಿಸಬಾರದು. ಅಲ್ಲಿಯ ೫೦ ಪ್ರಾಂತಗಳಲ್ಲಿ ಅರ್ಧಕ್ಕೂ ಮಿಕ್ಕಿದವುಗಳಲ್ಲಿ ಈಗ ಪರವಾನಗಿಯಿಲ್ಲದೆ ಪಿಸ್ತೂಲು ಧರಿಸಬಹುದಾಗಿದೆ. ಬಹಿರಂಗ ಧಾರಣೆಯನ್ನು ಬಹುಕಾಲದಿಂದ ನಿಷೇಧಿಸಿದ್ದ ಫ್ಲಾರಿಡಾ ಪ್ರಾಂತದಲ್ಲಿಯೂ ಮೇಲ್ಮನವಿಯ ನ್ಯಾಯಾಲಯವೊಂದು ೨೦೨೫ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಆ ನಿಷೇಧವನ್ನು ತೊಡೆದುಹಾಕಿತು.

ಸಾವಿರಾರು ಮೈಲುಗಳಾಚೆಯ ಈ ಸಂಗತಿಯು ನಮಗೇಕೆ ಎಂದು ಕೇಳುವವರಿರಬಹುದು. ಮೊದಲನೆಯದಾಗಿ, ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮುಂತಾದ ಪಟ್ಟಣಗಳಲ್ಲಿ ಸಂಸಾರ ಹೂಡಿರುವ ಕನ್ನಡಿಗರಿದ್ದಾರೆ. ಅವರ ಮಕ್ಕಳು ನಡೆಯುವ ಬೀದಿಗಳಿವು. ಎರಡನೆಯದಾಗಿ, "ನಮ್ಮ ದೇಶದಲ್ಲಿಯೂ ಸಜ್ಜನನಿಗೆ ಪಿಸ್ತೂಲು ದೊರೆಯುವಂತಾದರೆ ದುರ್ಜನನು ಹೆದರುವನು" ಎಂಬ ಮಾತು ದರೋಡೆಯೋ ಕೊಲೆಯೋ ನಡೆದಾಗಲೊಮ್ಮೆ ನಮ್ಮ ಜಗಲಿಗಳ ಮೇಲೆಯೂ ಕೇಳಿಬರುತ್ತದೆ. ಈ ಮಾತನ್ನಾಡುವವರನ್ನು ಮೂರ್ಖರೆಂದು ತಳ್ಳಿಹಾಕುವದು ಯೋಗ್ಯವಲ್ಲ. ಆತ್ಮರಕ್ಷಣೆಯ ಇಚ್ಛೆಯು ಜೀವಿಮಾತ್ರಕ್ಕೆ ಸಹಜವಾದದ್ದು. ಆದಕಾರಣ ಈ ಪ್ರಶ್ನೆಯ ಎರಡೂ ಮಗ್ಗುಲುಗಳನ್ನು ವಾಚಕರ ಮುಂದಿಟ್ಟು, ಆಮೇಲೆ ನಮ್ಮ ಅಭಿಪ್ರಾಯವನ್ನು ಹೇಳುವೆವು.

ಅಮೇರಿಕೆಯವರ ಈ ಹಕ್ಕಿಗೆ ಆಧಾರವು ಅವರ ರಾಜ್ಯಘಟನೆಗೆ ೧೭೯೧ರಲ್ಲಿ ಸೇರಿದ ಎರಡನೆಯ ತಿದ್ದುಪಡಿಯು. ಪ್ರಜೆಗಳು ಆಯುಧಗಳನ್ನು ಇಟ್ಟುಕೊಳ್ಳುವ ಮತ್ತು ಧರಿಸುವ ಹಕ್ಕಿಗೆ ಭಂಗ ಬರಕೂಡದೆಂದು ಅದು ವಿಧಿಸುತ್ತದೆ. ಅದೇ ವಾಕ್ಯದಲ್ಲಿ ಸುವ್ಯವಸ್ಥಿತವಾದ ನಾಗರಿಕ ಸೇನೆಯ ಮಾತೂ ಇದೆ. ಈ ಎರಡು ಮಾತುಗಳಿಗೆ ಪರಸ್ಪರ ಸಂಬಂಧವೇನೆಂಬುದರ ಮೇಲೆ ಅಲ್ಲಿಯ ಪಂಡಿತರು ಎರಡು ಶತಮಾನಗಳ ಕಾಲ ವಾದಿಸಿದರು. ೨೦೦೮ರಲ್ಲಿ ಅವರ ಸರ್ವೋಚ್ಚ ನ್ಯಾಯಾಲಯವು, ಸ್ವರಕ್ಷಣೆಗಾಗಿ ಮನೆಯಲ್ಲಿ ಪಿಸ್ತೂಲನ್ನು ಇಟ್ಟುಕೊಳ್ಳುವದು ವ್ಯಕ್ತಿಯ ಹಕ್ಕೇ ಆಗಿದೆಯೆಂದು ತೀರ್ಪಿತ್ತಿತು. ೨೦೨೨ನೆಯ ಇಸವಿಯ ಜೂನಿನಲ್ಲಿ, ಆ ಹಕ್ಕು ಮನೆಯ ಹೊಸ್ತಿಲನ್ನು ದಾಟಿ ಬೀದಿಗೂ ಬರುತ್ತದೆಂದು ಹೇಳಿ, ನ್ಯೂಯಾರ್ಕ್ ಪ್ರಾಂತದಲ್ಲಿ ೧೯೧೧ರಿಂದ ನಡೆದುಬಂದಿದ್ದ ಬಿಗಿಯಾದ ಪರವಾನಗಿಯ ಕಟ್ಟಳೆಯನ್ನು ರದ್ದು ಮಾಡಿತು.

ಅಲ್ಲಿಯ ವ್ಯವಹಾರದ ರೀತಿಯನ್ನೂ ತಿಳಿಯಬೇಕು. ಟೆಕ್ಸಾಸಿನಲ್ಲಿ ಯಾವನಾದರೂ ಅಂಗಡಿಕಾರನಿಗೆ ತನ್ನ ಅಂಗಡಿಯೊಳಗೆ ಬಹಿರಂಗವಾಗಿ ಪಿಸ್ತೂಲು ಧರಿಸಿದವರು ಬರಬಾರದೆಂದು ಅನಿಸಿದರೆ, ಅವನು ಬಾಗಿಲಲ್ಲಿ ಫಲಕವನ್ನು ತೂಗಹಾಕಬಹುದು. ದಂಡ ಸಂಹಿತೆಯ ೩೦.೦೭ನೆಯ ಕಲಮಿನಲ್ಲಿ ಪರವಾನಗಿಯುಳ್ಳವರಿಗಾಗಿ ಹೇಳಿದ ಫಲಕದ ಅಕ್ಷರಗಳು ಒಂದು ಅಂಗುಲಕ್ಕೆ ಕಡಿಮೆಯಿಲ್ಲದ ಎತ್ತರವುಳ್ಳವಾಗಿರಬೇಕು. ಇಂಗ್ಲಿಷಿನಲ್ಲಿಯೂ ಸ್ಪ್ಯಾನಿಶ್ ಭಾಷೆಯಲ್ಲಿಯೂ ಇರಬೇಕು. ಮರೆಮಾಡಿ ಒಯ್ಯುವದನ್ನು ತಡೆಯಬೇಕಾದರೆ ೩೦.೦೬ನೆಯ ಕಲಮಿನ ಇನ್ನೊಂದು ಫಲಕವೇ ಬೇಕು. ನಮ್ಮ ಅಂಗಡಿಗಳಲ್ಲಿ "ಸಾಲ ಕೇಳಬೇಡಿ" ಎಂದು ಬರೆದಿರುವಂತೆ ಅಲ್ಲಿ "ಪಿಸ್ತೂಲು ತರಬೇಡಿ" ಎಂದು ಬರೆಯಬೇಕಾಗಿದೆ. ಒಂದು ಪ್ರಸಿದ್ಧ ಕಾಫಿ ಅಂಗಡಿಗಳ ಕಂಪನಿಯು ೨೦೧೩ರಲ್ಲಿ, ಗಿರಾಕಿಗಳು ದಯಮಾಡಿ ಬಂದೂಕಗಳನ್ನು ಒಳಗೆ ತರಬಾರದೆಂದು ಬಹಿರಂಗ ಪತ್ರದ ಮೂಲಕ ವಿನಂತಿಸಿಕೊಂಡಿತು. ಆಯುಧವಿಲ್ಲದವನು ನಿಶ್ಚಿಂತನಾಗಿರುವದು ಸಹಜಸ್ಥಿತಿಯೆನ್ನಿಸಿಕೊಳ್ಳದೆ, ಫಲಕ ಹಾಕಿ ಬೇಡಿ ಪಡೆಯತಕ್ಕ ವಿಶೇಷಸ್ಥಿತಿಯಾಯಿತು.

ಇನ್ನು ಅವರ ಪಕ್ಷದ ವಾದವನ್ನು ಕೇಳೋಣ. ಕಳ್ಳನು ಬಾಗಿಲನ್ನೊಡೆಯುವದಕ್ಕೆ ಒಂದು ನಿಮಿಷ ಸಾಕು. ಪೋಲೀಸರು ಬರುವದಕ್ಕೆ ಹತ್ತಾರು ನಿಮಿಷಗಳು ಬೇಕು. ಹೊಲದ ನಡುವಿನ ಒಂಟಿಮನೆಗೆ ಠಾಣೆಯು ಎಷ್ಟೋ ಮೈಲು ದೂರ. ರಾತ್ರಿ ಪಾಳಿ ಮುಗಿಸಿ ಒಬ್ಬಳೇ ಮನೆಗೆ ಮರಳುವ ಹೆಂಗಸು, ಹಣದ ಪೆಟ್ಟಿಗೆಯ ಮುಂದೆ ಒಬ್ಬನೇ ಕುಳಿತ ಅಂಗಡಿಕಾರ, ಮುಪ್ಪಿನ ಮನುಷ್ಯ, ಇವರ ತೋಳಿನಲ್ಲಿ ಪುಂಡನನ್ನು ಎದುರಿಸುವ ಬಲವಿಲ್ಲ. ಪಿಸ್ತೂಲು ಆ ಅಂತರವನ್ನು ಅಳಿಸುತ್ತದೆ. ಅದು ಎದ್ದು ಕಾಣುವಂತಿದ್ದರೆ, ಹಾರಿಸುವ ಪ್ರಸಂಗವೇ ಬರುವದಿಲ್ಲ. ಅದನ್ನು ಕಂಡೇ ದುಷ್ಟನು ಹಿಂದೆಗೆಯುವನು. ಮುಚ್ಚಿಟ್ಟುಕೊಳ್ಳುವದು ಹೊಂಚುಗಾರನ ಲಕ್ಷಣ, ತೋರಿಸಿ ನಡೆಯುವದು ಪ್ರಾಮಾಣಿಕನ ಲಕ್ಷಣವೆಂದೂ ಅವರು ಹೇಳುವರು. ಈ ಕೊನೆಯ ಮಾತು ಹಳೆಯದು. ಲೂಸಿಯಾನಾ ಪ್ರಾಂತದ ಉಚ್ಚ ನ್ಯಾಯಪೀಠವು ೧೮೫೦ರಷ್ಟು ಹಿಂದೆಯೇ ಗುಪ್ತಧಾರಣೆಯನ್ನು ನಿಂದಿಸಿ ಬಹಿರಂಗ ಧಾರಣೆಯನ್ನು ಪುರುಷೋಚಿತವೆಂದು ಹೊಗಳಿತ್ತು.

ಈ ವಾದದಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳಲಾರೆವು. ಆದರೆ ಇದು ಅಮೇರಿಕೆಯ ಅನಾದಿ ಸಂಪ್ರದಾಯವೆಂಬ ಮಾತು ಮಾತ್ರ ಇತಿಹಾಸಕ್ಕೆ ಒಪ್ಪುವದಿಲ್ಲ. ಚಲಚ್ಚಿತ್ರಗಳಲ್ಲಿ ನಾವು ಕಾಣುವ ಆ ಪಶ್ಚಿಮದ ದನಗಾಹಿಗಳ ಊರುಗಳಲ್ಲಿ ಎಲ್ಲರ ಸೊಂಟದಲ್ಲಿಯೂ ಪಿಸ್ತೂಲು ತೂಗಾಡುತ್ತದೆ. ನಿಜಸ್ಥಿತಿಯು ಬೇರೆ. ಅರಿಜೋನಾದ ಟೂಮ್‌ಸ್ಟೋನ್ ಎಂಬ ಬೆಳ್ಳಿಗಣಿಯ ಊರಿನ ಪುರಸಭೆಯು ೧೮೮೧ನೆಯ ಇಸವಿಯ ಏಪ್ರಿಲಿನಲ್ಲಿ, ಊರೊಳಗೆ ಬರುವವರು ತಮ್ಮ ಆಯುಧಗಳನ್ನು ಬಂದ ಕೂಡಲೇ ಒಪ್ಪಿಸಬೇಕೆಂದು ಕಟ್ಟಳೆ ಮಾಡಿತ್ತು. ಅದೇ ವರ್ಷದ ಅಕ್ಟೋಬರ್ ೨೬ರಂದು ಅಲ್ಲಿ ನಡೆದು ಮೂವರು ಸತ್ತ, ಎಷ್ಟೋ ಚಿತ್ರಗಳಿಗೆ ವಸ್ತುವಾದ ಆ ಗುಂಡಿನ ಕಾಳಗಕ್ಕೆ ಈ ಕಟ್ಟಳೆಯನ್ನು ಜಾರಿಮಾಡಹೋದದ್ದೇ ಒಂದು ಕಾರಣವಾಗಿತ್ತು. ಟೆಕ್ಸಾಸ್ ಪ್ರಾಂತವಂತೂ ೧೮೭೧ರಲ್ಲಿಯೇ ಸಾರ್ವಜನಿಕವಾಗಿ ಪಿಸ್ತೂಲು ಧರಿಸುವದನ್ನು ಕೆಲವು ವಿನಾಯಿತಿಗಳ ಹೊರತು ನಿಷೇಧಿಸಿತ್ತು. ಪರವಾನಗಿ ಪಡೆದವರು ಮರೆಮಾಡಿ ಧರಿಸಬಹುದೆಂಬ ಸಡಿಲಿಕೆಯು ೧೯೯೫ರಲ್ಲಿ ಮಂಜೂರಾಯಿತು. ಪರವಾನಗಿಯ ಮೇಲೆ ತೋರಿಸಿ ಧರಿಸುವ ಅವಕಾಶವು ೨೦೧೬ನೆಯ ಇಸವಿಯ ಜನವರಿ ೧ರಿಂದ ಬಂದಿತು. ೨೦೨೧ರಲ್ಲಿ ಪರವಾನಗಿಯೇ ಬೇಡವಾಯಿತು. ಒಂದೂಕಾಲು ಶತಮಾನದ ಕಟ್ಟನ್ನು ಕಾಲು ಶತಮಾನದಲ್ಲಿ ಬಿಚ್ಚಿದರೆಂಬುದೇ ಇಲ್ಲಿಯ ನಿಜವಾದ ಇತಿಹಾಸವು.

ಈ ಇತಿಹಾಸಕ್ಕೆ ಇನ್ನೊಂದು ಮುಖವಿದೆ; ಅದನ್ನು ಮರೆಮಾಚಿದರೆ ನಾವು ನ್ಯಾಯ ಹೇಳಿದಂತಾಗಲಾರದು. ಆಯುಧನಿಷೇಧದ ಕಾನೂನುಗಳು ಎಲ್ಲರ ಮೇಲೂ ಸಮನಾಗಿ ಬಿದ್ದಿಲ್ಲ. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕರಿಯ ಜನರು ಅನುಮತಿಯಿಲ್ಲದೆ ಬಂದೂಕು ಹೊಂದಬಾರದೆಂದು ಮಿಸಿಸಿಪಿ ಪ್ರಾಂತವು ೧೮೬೫ರಲ್ಲಿ ಕಾಯದೆ ಮಾಡಿತು. ಡಾಕ್ಟರ್ ಮಾರ್ಟಿನ್ ಲೂಥರ್ ಕಿಂಗ್ ಅವರ ಮನೆಯ ಮೇಲೆ ೧೯೫೬ನೆಯ ಇಸವಿಯ ಜನವರಿ ೩೦ರಂದು ಬಾಂಬು ಬಿದ್ದಾಗ, ಅವರು ಪಿಸ್ತೂಲಿನ ಪರವಾನಗಿಗಾಗಿ ಅರ್ಜಿ ಮಾಡಿಕೊಂಡರು. ಅಧಿಕಾರಿಗಳು ಅದನ್ನು ತಿರಸ್ಕರಿಸಿದರು. ಅವರಿಗೇ ಪ್ರಾಣಭಯವಿಲ್ಲವೆಂದಾದರೆ ಆ ದೇಶದಲ್ಲಿ ಮತ್ತಾರಿಗಿದ್ದೀತು? ಕ್ಯಾಲಿಫೋರ್ನಿಯಾದಲ್ಲಿ ತುಂಬಿದ ಬಂದೂಕಗಳನ್ನು ಬಹಿರಂಗವಾಗಿ ಹಿಡಿದು ನಡೆಯುವದಕ್ಕೆ ೧೯೬೭ರವರೆಗೆ ಅಡ್ಡಿಯಿರಲಿಲ್ಲ. ಕರಿಯ ತರುಣರು ಬ್ಲ್ಯಾಕ್ ಪ್ಯಾಂಥರ್ ಎಂಬ ಪಕ್ಷ ಕಟ್ಟಿ, ಬಂದೂಕು ಹಿಡಿದು ಪೋಲೀಸರ ನಡತೆಯನ್ನು ಕಾಯತೊಡಗಿದ ಕೂಡಲೇ ನಿಷೇಧದ ಮಸೂದೆ ಬಂದಿತು. ಆ ವರ್ಷದ ಮೇ ೨ರಂದು ಅವರು ಸುಮಾರು ೩೦ ಜನ ಆಯುಧಗಳೊಡನೆ ಶಾಸನಸಭೆಯ ಕಟ್ಟಡಕ್ಕೆ ಬಂದು ಪ್ರತಿಭಟಿಸಿದರು. ಮಸೂದೆಗೆ ಅಂಕಿತ ಹಾಕಿದವರು ಆಗ ಗವರ್ನರರಾಗಿದ್ದ ರೊನಾಲ್ಡ್ ರೇಗನ್ನರು. ಬಿಳಿಯನ ಸೊಂಟದಲ್ಲಿದ್ದಾಗ ಹಕ್ಕೆನಿಸಿದ್ದು ಕರಿಯನ ಕೈಗೆ ಬಂದೊಡನೆ ಅಪಾಯವೆನಿಸಿತು.

ಈ ಅನ್ಯಾಯದ ರುಚಿಯು ನಮಗೆ ಹೊಸದಲ್ಲ. ೧೮೭೮ರಲ್ಲಿ ಲಾರ್ಡ್ ಲಿಟನ್ನರ ಆಳ್ವಿಕೆಯಲ್ಲಿ ಬಂದ ಆಯುಧ ಕಾಯದೆಯು ಹಿಂದುಸ್ಥಾನದ ಜನರಿಂದ ಪರವಾನಗಿಯನ್ನು ಕೇಳಿತು. ಯುರೋಪಿಯನ್ನರಿಗೆ ವಿನಾಯಿತಿಯನ್ನು ಕೊಟ್ಟಿತು. ತನ್ನ ಮನೆಯಲ್ಲಿ ತಾನೇ ಅವಿಶ್ವಾಸಕ್ಕೆ ಪಾತ್ರನಾದ ಯಜಮಾನನ ಸ್ಥಿತಿಯು ನಮ್ಮದಾಯಿತು. ಕಾಂಗ್ರೆಸ್ಸು ತನ್ನ ಆರಂಭದ ಅಧಿವೇಶನಗಳಿಂದಲೇ ಇದನ್ನು ವಿರೋಧಿಸಿತು. ಅಹಿಂಸೆಯನ್ನೇ ವ್ರತವಾಗಿ ಹಿಡಿದ ಮಹಾತ್ಮ ಗಾಂಧಿಯವರು ೧೯೩೦ನೆಯ ಇಸವಿಯ ಜನವರಿಯಲ್ಲಿ ವೈಸರಾಯರ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ, ಆತ್ಮರಕ್ಷಣೆಗಾಗಿ ಬಂದೂಕಿನ ಪರವಾನಗಿಗಳನ್ನು ಪ್ರಜಾನಿಯಂತ್ರಣಕ್ಕೊಳಪಟ್ಟು ಕೊಡಬೇಕೆಂಬುದೂ ಒಂದಾಗಿತ್ತು. ೧೯೩೧ರ ಕರಾಚಿಯ ಅಧಿವೇಶನವು ಅಂಗೀಕರಿಸಿದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿಯೂ ನಿಯಮಗಳಿಗೊಳಪಟ್ಟು ಆಯುಧ ಹೊಂದುವ ಹಕ್ಕು ಸೇರಿತ್ತು. ಆದಕಾರಣ, ಆಯುಧದ ಹಕ್ಕನ್ನು ಕೇಳಿದವರೆಲ್ಲರೂ ಹಿಂಸಾಪ್ರಿಯರೆಂದು ಹೇಳುವವರು ನಮ್ಮ ಸ್ವಾತಂತ್ರ್ಯದ ಹೋರಾಟದ ಕಥೆಯನ್ನು ಸರಿಯಾಗಿ ಓದಿಲ್ಲವೆನ್ನಬೇಕು.

ಹಾಗಾದರೆ ಬಹಿರಂಗ ಧಾರಣೆಯನ್ನು ನಾವು ಒಪ್ಪುವೆವೋ? ಒಪ್ಪುವದಿಲ್ಲ. ಏಕೆಂದರೆ ಆಯುಧ ಹೊಂದುವ ಪ್ರಶ್ನೆ ಬೇರೆ. ಅದನ್ನು ಎಲ್ಲರ ನಡುವೆ ತೋರಿಸಿ ನಡೆಯುವ ಪ್ರಶ್ನೆ ಬೇರೆ. ಪಿಸ್ತೂಲನ್ನು ಧರಿಸಿದವನಿಗೆ ತನ್ನ ಮನಸ್ಸು ಗೊತ್ತಿದೆ; ತಾನು ಸಜ್ಜನನೆಂಬುದನ್ನು ಅವನು ಬಲ್ಲನು. ಆದರೆ ಎದುರಿಗೆ ಬರುವವನಿಗೆ ಕಾಣುವದು ಅವನ ಮನಸ್ಸಲ್ಲ, ಪಿಸ್ತೂಲು. ಅವನು ರಕ್ಷಕನೋ ಭಕ್ಷಕನೋ ಎಂಬುದನ್ನು ನಿರ್ಣಯಿಸುವ ಹೊರೆಯು ನಿರಾಯುಧನಾದ ದಾರಿಹೋಕನ ತಲೆಯ ಮೇಲೆ ಬೀಳುತ್ತದೆ. ಆ ನಿರ್ಣಯಕ್ಕೆ ಅವನಿಗೆ ಸಿಗುವ ಕಾಲವು ಒಂದೆರಡು ಕ್ಷಣಗಳು ಮಾತ್ರ.

ಇದು ಕೇವಲ ತರ್ಕವಲ್ಲ. ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಪಟ್ಟಣದಲ್ಲಿ ೨೦೧೫ನೆಯ ಇಸವಿಯ ಅಕ್ಟೋಬರ್ ೩೧ರ ಬೆಳಿಗ್ಗೆ ಒಬ್ಬ ಮನುಷ್ಯನು ಉದ್ದ ಬಂದೂಕನ್ನು ಹಿಡಿದು ಓಡಾಡುತ್ತಿರುವದನ್ನು ಕಂಡು ನೆರೆಮನೆಯ ಹೆಂಗಸೊಬ್ಬಳು ಪೋಲೀಸರಿಗೆ ದೂರವಾಣಿಯಲ್ಲಿ ತಿಳಿಸಿದಳು. ಇಲ್ಲಿ ಬಹಿರಂಗವಾಗಿ ಬಂದೂಕು ಹಿಡಿಯುವದು ಕಾನೂನಿಗೆ ಸಮ್ಮತವಾದದ್ದೆಂದು ಅವಳಿಗೆ ಉತ್ತರ ದೊರೆಯಿತು. ಸ್ವಲ್ಪ ಹೊತ್ತಿನಲ್ಲಿಯೇ ಅವನು ಒಬ್ಬರ ಬೆನ್ನಿಗೊಬ್ಬರಂತೆ ಮೂವರನ್ನು ಕೊಂದನು. ಉತ್ತರಿಸಿದವರು ತಪ್ಪನ್ನು ಹೇಳಲಿಲ್ಲ. ಕಾನೂನು ಹಾಗೆಯೇ ಇತ್ತು. ಮೊದಲ ಗುಂಡು ಹಾರುವವರೆಗೆ ಕೊಲೆಗಾರನೂ ಕಾನೂನುಬದ್ಧ ನಾಗರಿಕನೇ ಆಗಿರುವ ವ್ಯವಸ್ಥೆಯಲ್ಲಿ, ನೆರೆಯವಳ ಎಚ್ಚರಕ್ಕೆ ಏನು ಬೆಲೆಯುಳಿಯಿತು?

ಮರುವರ್ಷ ಜುಲೈ ೭ರಂದು ಡಲ್ಲಾಸಿನ ಮೆರವಣಿಗೆಯೊಂದರಲ್ಲಿ ಒಬ್ಬ ಕೊಲೆಪಾತಕನು ಮರೆಯಿಂದ ಗುಂಡು ಹಾರಿಸಿ ಐವರು ಪೋಲೀಸರನ್ನು ಕೊಂದನು. ಆ ಮೆರವಣಿಗೆಯಲ್ಲಿ ಹಲವರು ಕಾನೂನಿನಂತೆಯೇ ಬಂದೂಕಗಳನ್ನು ಹೆಗಲಿಗೆ ತೂಗಹಾಕಿ ಬಂದಿದ್ದರು. ಅಂಥವರಲ್ಲಿ ನಿರಪರಾಧಿಯಾದ ಒಬ್ಬನ ಛಾಯಾಚಿತ್ರವನ್ನು ಪೋಲೀಸರೇ ಶಂಕಿತನೆಂದು ಲೋಕಕ್ಕೆಲ್ಲ ಹಂಚಿದರು. ಅವನು ತಾನಾಗಿ ಬಂದು ಬಂದೂಕನ್ನೊಪ್ಪಿಸಿದ್ದರಿಂದ ಬದುಕಿಕೊಂಡನು. ಗುಂಡಿನ ಮಳೆಯಲ್ಲಿ ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂದು ತಿಳಿಯುವದು ಕಷ್ಟವೆಂದು ಅಲ್ಲಿಯ ಪೋಲೀಸ್ ಮುಖ್ಯಸ್ಥರಾಗಿದ್ದ ಡೇವಿಡ್ ಬ್ರೌನ್ ಅವರು ಆಮೇಲೆ ಬಹಿರಂಗವಾಗಿ ಹೇಳಿದರು. ಕೊಲೊರಾಡೊದ ಅರ್ವಾಡಾ ಪಟ್ಟಣದಲ್ಲಿ ೨೦೨೧ನೆಯ ಇಸವಿಯ ಜೂನ್ ೨೧ರಂದು ನಡೆದದ್ದು ಇದಕ್ಕಿಂತಲೂ ಮನಕರಗಿಸುವಂಥದು. ಪೋಲೀಸನೊಬ್ಬನನ್ನು ಕೊಂದ ದುಷ್ಟನನ್ನು ಒಬ್ಬ ಧೈರ್ಯಶಾಲಿ ನಾಗರಿಕನು ತನ್ನ ಪಿಸ್ತೂಲಿನಿಂದ ಹೊಡೆದುರುಳಿಸಿದನು. ಆಗ ಅಲ್ಲಿಗೆ ಬಂದ ಇನ್ನೊಬ್ಬ ಪೋಲೀಸನ ಕಣ್ಣಿಗೆ ಈ ವೀರನೇ ಕೊಲೆಗಾರನಾಗಿ ಕಂಡನು. ಅವನ ಗುಂಡಿಗೆ ಈತನು ಬಲಿಯಾದನು. ಸಜ್ಜನನ ಪಿಸ್ತೂಲು ಅಂದು ಊರನ್ನು ಕಾಪಾಡಿತೆಂಬುದು ನಿಜ. ಅದೇ ಪಿಸ್ತೂಲು ಅವನನ್ನು ಕಾಪಾಡಲಿಲ್ಲವೆಂಬುದೂ ನಿಜ.

ಈ ಸಂಶಯದ ಹೊರೆಯು ಎಲ್ಲರ ಮೇಲೂ ಒಂದೇ ತೂಕದಲ್ಲಿ ಬೀಳುವದಿಲ್ಲ. ಬಹಿರಂಗ ಧಾರಣೆಯು ಸಮ್ಮತವಾಗಿದ್ದ ಒಹಾಯೊ ಪ್ರಾಂತದಲ್ಲಿ ೨೦೧೪ನೆಯ ಇಸವಿಯ ಆಗಸ್ಟಿನಲ್ಲಿ, ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಗಾಳಿಬಂದೂಕನ್ನು ಕೈಯಲ್ಲಿ ಹಿಡಿದಿದ್ದ ಕರಿಯ ತರುಣನೊಬ್ಬನು ಪೋಲೀಸರ ಗುಂಡಿಗೆ ಸತ್ತನು. ಅದೇ ಪ್ರಾಂತದ ಕ್ಲೀವ್‌ಲ್ಯಾಂಡಿನಲ್ಲಿ ಆ ವರ್ಷದ ನವೆಂಬರಿನಲ್ಲಿ ಆಟದ ಪಿಸ್ತೂಲು ಹಿಡಿದಿದ್ದ ೧೨ ವರ್ಷದ ಕರಿಯ ಬಾಲಕನು, ಪೋಲೀಸರ ಗಾಡಿ ಬಂದು ನಿಂತ ಎರಡು ಸೆಕೆಂಡುಗಳೊಳಗೆ ಗುಂಡು ತಿಂದು ಬಿದ್ದನು. ೨೦೧೬ನೆಯ ಇಸವಿಯ ಜುಲೈ ೬ರಂದು ಮಿನ್ನೆಸೋಟಾದಲ್ಲಿ, ತನ್ನ ಬಳಿ ಪಿಸ್ತೂಲಿದೆಯೆಂದು ಪೋಲೀಸನಿಗೆ ತಾನೇ ಮರ್ಯಾದೆಯಿಂದ ತಿಳಿಸಿದ, ಪರವಾನಗಿಯುಳ್ಳ ಕರಿಯ ಮನುಷ್ಯನು ತನ್ನ ಕಾರಿನಲ್ಲಿಯೇ ಹತನಾದನು. ಗುಂಡು ಹಾರಿಸಿದವನನ್ನು ಪಂಚರು ನಿರ್ದೋಷಿಯೆಂದು ಬಿಟ್ಟರು. ಕಾಗದದ ಮೇಲೆ ಎಲ್ಲರಿಗೂ ಸಮನಾದ ಹಕ್ಕು ಬೀದಿಯಲ್ಲಿ ಮೈಬಣ್ಣದ ಮೇಲೆ ನಡೆಯುವದು. ಅಮೇರಿಕೆಯಲ್ಲಿರುವ ನಮ್ಮ ಬಂಧುಗಳು ಪಿಸ್ತೂಲನ್ನು ಕೊಳ್ಳುವ ಮೊದಲು ಈ ಸಂಗತಿಯನ್ನು ಆಲೋಚಿಸಬೇಕು. ಸಂಕಟದ ಕ್ಷಣದಲ್ಲಿ ಓಡಿಬಂದ ಪೋಲೀಸನಿಗೆ, ಕೈಯಲ್ಲಿ ಪಿಸ್ತೂಲು ಹಿಡಿದ ಪರದೇಶೀಯನಂತೆ ಕಾಣುವ ಮನುಷ್ಯನು ಗೃಹಸ್ಥನಾಗಿಯೇ ಕಾಣುವನೆಂದು ಯಾರು ಹೊಣೆ ಹೊತ್ತಾರು?

ಲೆಕ್ಕದ ಮಾತನ್ನೂ ನೋಡೋಣ. ಜಿನೀವಾದ ಸಂಶೋಧನ ಸಂಸ್ಥೆಯೊಂದರ ಅಂದಾಜಿನಂತೆ ೨೦೧೭ರಲ್ಲಿ ಅಮೇರಿಕೆಯ ನಾಗರಿಕರ ಬಳಿ ಸುಮಾರು ೩೯ ಕೋಟಿ ೩೦ ಲಕ್ಷ ಬಂದೂಕು ಪಿಸ್ತೂಲುಗಳಿದ್ದವು. ಜನರ ಸಂಖ್ಯೆಗಿಂತ ಆಯುಧಗಳ ಸಂಖ್ಯೆಯೇ ಹೆಚ್ಚು. ಆಯುಧದ ಸಮೃದ್ಧಿಯೇ ರಕ್ಷಣೆಯಾಗಿದ್ದರೆ ಆ ದೇಶವು ಭೂಲೋಕದಲ್ಲಿಯೇ ಅತಿ ಸುರಕ್ಷಿತವಾಗಿರಬೇಕಾಗಿತ್ತು. ಆದರೆ ೨೦೨೧ರಲ್ಲಿ ಅಲ್ಲಿ ಗುಂಡಿನಿಂದ ಸತ್ತವರು ೪೮,೮೩೦ ಜನ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರು ಆತ್ಮಹತ್ಯೆ ಮಾಡಿಕೊಂಡವರು. ಹೊರಗಿನ ಶತ್ರುವಿಗೆಂದು ತಂದಿಟ್ಟ ಆಯುಧವು ಮನೆಯವನ ದುಃಖದ ಗಳಿಗೆಯಲ್ಲಿ ಅವನ ಕೈಗೇ ಎಟಕುತ್ತದೆಂಬ ಈ ಮಾತನ್ನು ಪಿಸ್ತೂಲಿನ ಪಕ್ಷದವರು ಬಹಳವಾಗಿ ಎತ್ತುವದಿಲ್ಲ.

ಈಗ ನಮ್ಮ ದೇಶದ ಕಡೆಗೆ ತಿರುಗೋಣ. ಸ್ವತಂತ್ರ ಭಾರತದ ರಾಜ್ಯಘಟನೆಯನ್ನು ರಚಿಸುವಾಗ ಈ ಪ್ರಶ್ನೆಯು ಎದ್ದೇ ಎದ್ದಿತು. ಅದನ್ನೆತ್ತಿದವರು ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು. ಕರಾಚಿಯ ಠರಾವನ್ನು ನೆನಪಿಸಿ, ಆಯುಧ ಹೊಂದುವ ಹಕ್ಕನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಬೇಕೆಂದು ಅವರು ೧೯೪೮ನೆಯ ಇಸವಿಯ ಡಿಸೆಂಬರಿನ ಆರಂಭದಲ್ಲಿ ರಾಜ್ಯಘಟನಾ ಸಭೆಯ ಮುಂದೆ ತಿದ್ದುಪಡಿಯನ್ನು ತಂದರು. ಅದಕ್ಕೆ ಡಾಕ್ಟರ್ ಅಂಬೇಡ್ಕರರು ಕೊಟ್ಟ ಉತ್ತರದ ತಾತ್ಪರ್ಯವು ಬಹು ಅರ್ಥಗರ್ಭಿತವಾದದ್ದು. ನಾವು ಒತ್ತಿ ಹೇಳಬೇಕಾದದ್ದು ವ್ಯಕ್ತಿಯು ಆಯುಧ ಧರಿಸುವ ಹಕ್ಕನ್ನಲ್ಲ, ದೇಶಕ್ಕೆ ವಿಪತ್ತು ಬಂದಾಗ ಅದರ ರಕ್ಷಣೆಗಾಗಿ ಆಯುಧ ಧರಿಸುವ ಅವನ ಕರ್ತವ್ಯವನ್ನು ಎಂದು ಅವರು ಹೇಳಿದರು. ತಿದ್ದುಪಡಿಯು ಬಿದ್ದುಹೋಯಿತು. ಪರರ ಆಳ್ವಿಕೆಯಲ್ಲಿ ಹಕ್ಕಾಗಿ ಬೇಡಿದ್ದನ್ನು ಸ್ವರಾಜ್ಯದಲ್ಲಿ ಬಿಟ್ಟುಕೊಟ್ಟದ್ದು ಹೇಡಿತನವಲ್ಲ. ಆಗ ಆಯುಧವು ನಮ್ಮನ್ನು ನಂಬದ ಸರಕಾರದ ಕೈಯಲ್ಲಿತ್ತು. ಈಗ ಅದು ನಾವೇ ನೇಮಿಸುವ, ನಾವೇ ಇಳಿಸುವ ಸರಕಾರದ ಕೈಯಲ್ಲಿದೆ. ಅಂತರವಿರುವದು ಇಲ್ಲಿ.

೧೯೫೯ರ ಆಯುಧ ಕಾಯದೆಯು ಈ ತತ್ವದ ಮೇಲೆ ನಿಂತಿದೆ. ಪರವಾನಗಿಯಿಲ್ಲದೆ ಬಂದೂಕನ್ನು ಯಾರೂ ಹೊಂದಕೂಡದು. ೨೦೧೬ರ ನಿಯಮಗಳಂತೆ ಪರವಾನಗಿಯಿದ್ದವನು ಕೂಡ ಪಿಸ್ತೂಲನ್ನು ಒರೆಯಲ್ಲಿಟ್ಟು ಮುಚ್ಚಿಯೇ ಒಯ್ಯತಕ್ಕದ್ದು. ಸಾರ್ವಜನಿಕ ಸ್ಥಳದಲ್ಲಿ ಅದನ್ನು ಝಳಪಿಸಕೂಡದು. ೨೦೧೯ರ ತಿದ್ದುಪಡಿಯು ಒಬ್ಬನು ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು ಸಾಮಾನ್ಯವಾಗಿ ಮೂರರಿಂದ ಎರಡಕ್ಕಿಳಿಸಿತು. ಮದುವೆ ಮೆರವಣಿಗೆಗಳಲ್ಲಿ ಜೀವಕ್ಕಪಾಯವಾಗುವಂತೆ ಸಂಭ್ರಮಕ್ಕಾಗಿ ಗುಂಡು ಹಾರಿಸುವವರಿಗೆ ಎರಡು ವರ್ಷಗಳವರೆಗೆ ಸೆರೆಮನೆ, ಇಲ್ಲವೆ ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಿತು. ಇದರೊಡನೆ, ತನ್ನ ಮೈಯನ್ನೂ ಮನೆಯನ್ನೂ ಕಾಯ್ದುಕೊಳ್ಳುವ ಖಾಸಗಿ ರಕ್ಷಣೆಯ ಹಕ್ಕನ್ನು ಹಳೆಯ ದಂಡ ಸಂಹಿತೆಯು ಮನ್ನಿಸಿತ್ತು. ೨೦೨೪ನೆಯ ಇಸವಿಯ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ತನ್ನ ೩೪ರಿಂದ ೪೪ರವರೆಗಿನ ಕಲಮುಗಳಲ್ಲಿ ಮನ್ನಿಸಿದೆ. ಅದಕ್ಕೆ ಎರಡು ಮೇರೆಗಳಿವೆ: ಅಧಿಕಾರಿಗಳ ರಕ್ಷಣೆಯನ್ನು ಪಡೆಯಲು ಸಮಯವಿದ್ದರೆ ಅದನ್ನೇ ಪಡೆಯಬೇಕು; ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಕೇಡನ್ನು ಮಾಡಬಾರದು. ಹೀಗಿರುವಲ್ಲಿ ನಮ್ಮ ಕಾನೂನು ಪ್ರಜೆಯ ಕೈಕಾಲು ಕಟ್ಟಿ ಕಳ್ಳನಿಗೊಪ್ಪಿಸಿದೆಯೆಂಬ ಆಪಾದನೆಯು ನಿಲ್ಲುವದಿಲ್ಲ.

ಕೊಡಗಿನ ಉದಾಹರಣೆಯನ್ನು ಮುಂದೊಡ್ಡುವವರಿದ್ದಾರೆ. ಕೊಡವರಿಗೂ ಅಲ್ಲಿಯ ಜಮ್ಮಾ ಹಿಡುವಳಿದಾರರಿಗೂ ೧೮೬೧ರಿಂದ ಆಯುಧ ಪರವಾನಗಿಯ ವಿನಾಯಿತಿಯಿದೆ. ಕೇಂದ್ರ ಸರಕಾರವು ೨೦೧೯ರಲ್ಲಿ ಅದನ್ನು ೨೦೨೯ರವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕದ ಉಚ್ಚ ನ್ಯಾಯಾಲಯವು ೨೦೨೧ನೆಯ ಇಸವಿಯ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿತು. ಆದರೆ ಆ ಕೋವಿಯ ಸ್ವರೂಪವನ್ನು ನೋಡಬೇಕು. ಅದು ಕೈಲ್ ಪೊಳ್ದ್ ಹಬ್ಬದಲ್ಲಿ ಹೂವೇರಿಸಿ ಪೂಜೆಗೊಳ್ಳುವ ಮನೆತನದ ವಸ್ತು. ಗಂಡುಮಗು ಹುಟ್ಟಿದಾಗ, ಮನೆಯಲ್ಲಿ ಸಾವಾದಾಗ, ಊರಿಗೆ ಸುದ್ದಿ ಸಾರುವ ದನಿ. ಅದರ ಹಿಂದೆ ಒಕ್ಕವೆಂಬ ಮನೆತನದ ಕಣ್ಗಾವಲಿದೆ, ಹಿರಿಯರ ಮಾತಿನ ಕಟ್ಟಿದೆ. ಸಂತೆಯಲ್ಲಿ ಅಪರಿಚಿತನನ್ನು ಹೆದರಿಸಲಿಕ್ಕೆ ಸೊಂಟಕ್ಕೇರಿದ ಪಿಸ್ತೂಲಿಗೂ ಅದಕ್ಕೂ ಹೋಲಿಕೆಯಿಲ್ಲ. ಕೋವಿಯನ್ನು ಕಾಯುವದು ಕಾನೂನೊಂದೇ ಅಲ್ಲ, ಸುತ್ತಲಿನ ಸಮಾಜವೂ ಹೌದೆಂಬುದಕ್ಕೆ ಕೊಡಗು ಸಾಕ್ಷಿಯಾಗಿದೆ. ಆ ಸಮಾಜವಿಲ್ಲದಲ್ಲಿ ಬರಿಯ ಕೋವಿಯನ್ನು ಕೊಂಡೊಯ್ದರೆ ಫಲವು ಬೇರೆಯಾದೀತು.

ನಮ್ಮ ವೃತ್ತಿಗೆ ಹತ್ತಿರವಾದ ಮಾತನ್ನೂ ಇಲ್ಲಿ ಹೇಳಬೇಕಾಗಿದೆ. ೨೦೧೫ನೆಯ ಇಸವಿಯ ಆಗಸ್ಟ್ ೩೦ರ ಬೆಳಿಗ್ಗೆ ಧಾರವಾಡದಲ್ಲಿ ಡಾಕ್ಟರ್ ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲಿಯೇ ಗುಂಡಿಟ್ಟು ಕೊಂದರು. ೨೦೧೭ನೆಯ ಇಸವಿಯ ಸೆಪ್ಟೆಂಬರ್ ೫ರ ರಾತ್ರಿ ಬೆಂಗಳೂರಿನಲ್ಲಿ ಪತ್ರಿಕಾ ಸಂಪಾದಕಿ ಗೌರಿ ಲಂಕೇಶರನ್ನು ಅವರ ಮನೆಯ ಮುಂದೆಯೇ ಕೊಂದರು. ಲೇಖಣಿ ಹಿಡಿದವರೆಲ್ಲರೂ ಇನ್ನು ಪಿಸ್ತೂಲನ್ನೂ ಹಿಡಿಯಬೇಕೆಂದು ಆಗ ನಮಗೆ ಹೇಳಿದವರುಂಟು. ಅವರ ಕಳಕಳಿಯನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಕೊಲೆಗಾರನು ರಣರಂಗದ ಶತ್ರುವಿನಂತೆ ಕಹಳೆಯೂದಿ ಬರುವದಿಲ್ಲ. ಅತಿಥಿಯಂತೆ ಬಾಗಿಲು ತಟ್ಟುತ್ತಾನೆ, ದಾರಿಹೋಕನಂತೆ ಗೇಟಿನ ಬಳಿ ನಿಲ್ಲುತ್ತಾನೆ. ಬಾಗಿಲು ತಟ್ಟಿದ ಪ್ರತಿಯೊಬ್ಬನಿಗೂ ಪಿಸ್ತೂಲು ಗುರಿಯಿಟ್ಟು ಕದ ತೆರೆಯುವ ವಿದ್ವಾಂಸನ ಮನೆಗೆ ಯಾವ ವಿದ್ಯಾರ್ಥಿಯು ಹೋದಾನು? ಓದುಗನನ್ನು ಸಂಶಯದಿಂದ ನೋಡುವ ಪತ್ರಕರ್ತನಿಗೆ ಊರಿನ ಕಷ್ಟಸುಖವನ್ನು ಯಾರು ಬಂದು ಹೇಳಿಯಾರು? ಕೊಲೆಗಾರನು ನಮ್ಮ ಪ್ರಾಣವನ್ನು ಅಪಹರಿಸಬಹುದು. ನಮ್ಮ ಬಾಗಿಲನ್ನು ಮುಚ್ಚಿಸಲು ನಾವೇ ಅವನಿಗೆ ನೆರವಾಗಬಾರದು.

ಇಷ್ಟು ಹೇಳಿದ ಮೇಲೆ ಸರಕಾರಕ್ಕೂ ನಾಲ್ಕು ಮಾತು ಹೇಳದಿದ್ದರೆ ನಮ್ಮ ಕರ್ತವ್ಯಕ್ಕೆ ಲೋಪ ಬರುವದು. ಪ್ರಜೆಯ ಕೈಯಿಂದ ಆಯುಧವನ್ನು ತೆಗೆದುಕೊಂಡ ಸರಕಾರವು ಅವನ ರಕ್ಷಣೆಯ ಸಾಲವನ್ನು ತನ್ನ ತಲೆಯ ಮೇಲೆ ಹೊತ್ತಿದೆ. ಠಾಣೆಗೆ ಹೋದ ಹೆಂಗಸಿನ ದೂರನ್ನು ಬರೆದುಕೊಳ್ಳದೆ ಅಲೆದಾಡಿಸಿದರೆ, ಕರೆದಾಗ ಪೋಲೀಸರು ಬಾರದಿದ್ದರೆ, ಬಂದವರೇ ಬಲಿಷ್ಠನ ಪಕ್ಷ ಕಟ್ಟಿದರೆ, ಬೇಲಿಯೇ ಎದ್ದು ಹೊಲ ಮೇದಂತಾಗುವದು. ಆಗ ಪಿಸ್ತೂಲು ಬೇಡುವವನನ್ನು ದೂಷಿಸುವ ಅಧಿಕಾರವು ಸರಕಾರಕ್ಕೆ ಉಳಿಯುವದಿಲ್ಲ. ಎರಡನೆಯದಾಗಿ, ಪರವಾನಗಿಯು ಪ್ರತಿಷ್ಠೆಯ ಪದಕವಾಗಬಾರದು. ೨೦೧೬ನೆಯ ಇಸವಿಯ ಕೊನೆಗೆ ದೇಶದಲ್ಲಿದ್ದ ಸುಮಾರು ೩೩ ಲಕ್ಷ ೬೯ ಸಾವಿರ ಪರವಾನಗಿಗಳಲ್ಲಿ ೧೨ ಲಕ್ಷ ೭೭ ಸಾವಿರಕ್ಕಿಂತ ಹೆಚ್ಚಿನವು ಉತ್ತರ ಪ್ರದೇಶವೊಂದರಲ್ಲಿಯೇ ಇದ್ದವು. ಅಷ್ಟೂ ಜನರು ಪ್ರಾಣಭಯದಿಂದಲೇ ಪಡೆದರೆಂದು ನಂಬುವದು ಕಷ್ಟ. ಮಲೆನಾಡಿನ ರೈತನು ಹಂದಿ ಮಂಗಗಳಿಂದ ಬೆಳೆ ಉಳಿಸಿಕೊಳ್ಳಲು ಬೇಡುವ ಕೋವಿಗೆ ವರ್ಷಗಟ್ಟಲೆ ಕಾಯಿಸಿ, ಶ್ರೀಮಂತನ ಡೌಲಿನ ರಿವಾಲ್ವರಿಗೆ ತಟ್ಟನೆ ಮುದ್ರೆಯೊತ್ತಿದರೆ ಅದು ಲಿಟನ್ನರ ಕಾಯದೆಯ ಪಕ್ಷಪಾತವೇ ಹೊಸ ವೇಷದಲ್ಲಿ ಬಂದಂತೆ. ಮೂರನೆಯದಾಗಿ, ಪರವಾನಗಿಯನ್ನೇ ಕೇಳದ ಕಳ್ಳ ಪಿಸ್ತೂಲುಗಳ ತಯಾರಿಕೆ, ಸಾಗಣೆ ಮತ್ತು ಮಾರಾಟವನ್ನು ಬೇರುಸಹಿತ ಕೀಳಬೇಕು. ಸಜ್ಜನನ ಕೈಯನ್ನು ಬರಿದಾಗಿಸಿ ದುರ್ಜನನ ಕೈಯನ್ನು ತುಂಬಿಸಿಟ್ಟರೆ ಕಾನೂನಿನ ಮೇಲಿನ ಶ್ರದ್ಧೆಯು ಎಷ್ಟು ದಿನ ಬಾಳೀತು?

ಡಾಕ್ಟರ್ ಕಿಂಗ್ ಅವರ ಮಾತನ್ನು ಇಲ್ಲಿ ಪೂರ್ತಿಗೊಳಿಸುವೆವು. ಪರವಾನಗಿ ದೊರೆಯದ ಕಾಲದಲ್ಲಿ ಅವರ ಮನೆಯಲ್ಲಿ ಕಾವಲಿನವರ ಬಂದೂಕುಗಳಿದ್ದವು. ಆಮೇಲೆ ಅವರು ವಿಚಾರ ಮಾಡಿ ಅವುಗಳನ್ನು ಮನೆಯಿಂದ ಹೊರಗೆ ಹಾಕಿದರು. ೧೯೫೯ರಲ್ಲಿ ಗಾಂಧಿಯವರ ನಾಡನ್ನು ನೋಡಲು ಇಲ್ಲಿಗೆ ಬಂದರು. ೧೯೬೮ನೆಯ ಇಸವಿಯ ಏಪ್ರಿಲ್ ೪ರಂದು ದೂರದಿಂದ ಬಂದ ಗುಂಡಿಗೆ ಅವರು ಬಲಿಯಾದರು. ಸೊಂಟದಲ್ಲಿ ಪಿಸ್ತೂಲಿದ್ದಿದ್ದರೆ ಆ ಗುಂಡು ನಿಲ್ಲುತ್ತಿರಲಿಲ್ಲ. ಆದರೆ ಅವರ ಜನರು ಅಷ್ಟರಲ್ಲಿ ಬಸ್ಸಿನಲ್ಲಿ ಬೇಕಾದಲ್ಲಿ ಕುಳಿತುಕೊಳ್ಳುವ, ಮತ ಹಾಕುವ, ತಲೆಯೆತ್ತಿ ಬೀದಿಯಲ್ಲಿ ನಡೆಯುವ ಹಕ್ಕುಗಳನ್ನು ಕಾನೂನಿನ ಮೂಲಕ ಗೆದ್ದುಕೊಂಡಿದ್ದರು. ಆ ಗೆಲವು ಪಿಸ್ತೂಲಿನದಾಗಿರಲಿಲ್ಲ.

ಊರಿನ ಬೀದಿಯು ಯಾರೊಬ್ಬನ ಸ್ವತ್ತೂ ಅಲ್ಲ. ಅದು ಮುದುಕನದು, ಮಗುವಿನದು, ಹಣ್ಣು ಮಾರುವವಳದು, ಶಾಲೆಗೆ ಹೋಗುವ ಹುಡುಗಿಯದು. ಒಬ್ಬನ ನಿರ್ಭಯಕ್ಕಾಗಿ ಉಳಿದವರೆಲ್ಲರೂ ಅವನ ಸೊಂಟವನ್ನು ನೋಡುತ್ತ ನಡೆಯಬೇಕಾದರೆ ಅದನ್ನು ರಕ್ಷಣೆಯೆನ್ನಲಾಗದು. ಭಯವನ್ನು ಒಬ್ಬನಿಂದ ಹತ್ತು ಜನರಿಗೆ ಹಂಚಿದಂತಾಯಿತಷ್ಟೆ. ನಮ್ಮ ಹಿರಿಯರು ಸ್ವರಾಜ್ಯವನ್ನು ಕೇಳಿದ್ದು ಪ್ರತಿಯೊಬ್ಬನೂ ತನ್ನ ಸುತ್ತ ಕೋಟೆ ಕಟ್ಟಿಕೊಳ್ಳಲಿಕ್ಕಲ್ಲ, ಎಲ್ಲರೂ ಕೋಟೆಯಿಲ್ಲದೆ ಬಾಳಲಿಕ್ಕೆ. ಆ ರಕ್ಷಣೆಯನ್ನು ಸರಕಾರದಿಂದ ಹಟ ಹಿಡಿದು ಪಡೆಯುವದು, ನೆರೆಯವನ ಕೂಗಿಗೆ ಬಾಗಿಲು ತೆರೆದು ಓಡಿಹೋಗುವದು, ಇವೆರಡೂ ಪ್ರಜೆಗಳಾದ ನಮ್ಮ ಕೆಲಸಗಳು. ಇವನ್ನು ಮಾಡದೆ ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡರೆ ನಾವು ಶೂರರಾಗಲಾರೆವು. ಒಬ್ಬರನ್ನೊಬ್ಬರು ನಂಬದ ಒಂಟಿಗರಾಗುವೆವು.